ಅವಳಿಗೆ ನಿದ್ದೆ ಬರುತ್ತಿಲ್ಲ

ಜೂನ್ ೪, ಮಂಗಳವಾರ

ಹೊಸಬರಿಗೆ ತರಬೇತಿ ಕೊಡುವ ಕೆಲಸ ಕೊನೆಗೂ ನನ್ನ ತಲೆಗೇ ಬಂತು. ಆಗಸ್ಟ್ ಮೊದಲ ವಾರ, ಅರ್ಧ ದಿನ. ವಿಷಯ: ನಮ್ಮ ಕುಟುಂಬಗಳಿಗೆ ಒಗ್ಗುವಂತೆ ಆಪ್ತಸಮಾಲೋಚನೆ ಮಾಡುವುದು ಹೇಗೆ. "ಅದನ್ನ ನೀವೇ ಮಾಡಬೇಕು, ಆ ವಿದ್ಯೆ ನಮಗೆ ಬರಲ್ಲ," ಎಂದರು ನಮ್ಮ ಕೇಂದ್ರದ ಹಿರಿಯ ಡಾಕ್ಟರು. ಹೊಗಳಿದರೋ ಕಾಲೆಳೆದರೋ ಗೊತ್ತಾಗಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ. ಮನೋವೈದ್ಯರಾಗಿ ಅವರಿಗೆ ನನ್ನ ಎರಡರಷ್ಟು ಅನುಭವ ಇರಬಹುದು. ಆದರೆ ಅವರ ಕೋಣೆಗೆ ಹೋದವರು ಮಾತ್ರೆ ಚೀಟಿ ಹಿಡಿದು ಹೊರಗೆ ಬರುತ್ತಾರೆ, ನನ್ನ ಕೋಣೆಗೆ ಬಂದವರು ಮೂಗು ಒರೆಸಿಕೊಂಡು ಹೋಗುತ್ತಾರೆ.

ನನ್ನ ವಿದ್ಯೆ ಏನು ಮಹಾ? ಮೇಜನ್ನು ಗೋಡೆಗೆ ತಳ್ಳಿದ್ದೇನೆ. ಮನೆಯ ಹಿರಿಯರನ್ನು ಮೊದಲು ಕೂರಿಸುತ್ತೇನೆ, ಅವರ ಮಾತು ಮುಗಿಯುವವರೆಗೆ ಮಕ್ಕಳ ಕಡೆ ತಿರುಗುವುದಿಲ್ಲ. ಖಿನ್ನತೆ, ಆತಂಕ ಎಂಬ ದೊಡ್ಡ ಮಾತುಗಳನ್ನು ತೆಗೆಯುವುದಿಲ್ಲ. ಹೆಂಗಸರಿಗೆ ಸೊಂಟನೋವು ಹೇಗಿದೆ ಎಂದು ಕೇಳಿದರೆ ಸಾಕು, ಮನಸ್ಸಿನ ನೋವು ಅದರ ಬೆನ್ನಿಗೇ ಬರುತ್ತದೆ. ಮೂರನೆಯ ಭೇಟಿಯ ಹೊತ್ತಿಗೆ ಯಾರೂ ನನ್ನನ್ನು ಮೇಡಂ ಎನ್ನುವುದಿಲ್ಲ. ಯಾರಿಗೋ ಅಕ್ಕ, ಯಾರಿಗೋ ತಂಗಿ ಆಗಿರುತ್ತೇನೆ. ಸಂಬಂಧ ಹುಟ್ಟಿದ ಮೇಲೆ ಮಾತು ಹುಟ್ಟದೆ ಎಲ್ಲಿ ಹೋಗುತ್ತದೆ?

ಇವತ್ತು ಹೊಸದಾಗಿ ಒಬ್ಬ ತಂದೆ, ಮಗಳು ಬಂದರು. ತಂದೆ ಲಿಫ್ಟ್ ರಿಪೇರಿ ಮಾಡುವವರು. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸ್ ಹೋಗಿಲ್ಲ. ಮಗಳಿಗೆ ಹದಿನೇಳು. ತಾಯಿ ಹೋಗಿ ಒಂದೂವರೆ ವರ್ಷ. "ಹಾರ್ಟು," ಎಂದರು ಅಪ್ಪ, ಮಗಳ ಕಡೆ ನೋಡದೆ. ಹುಡುಗಿ ಕಾಲೇಜಿಗೆ ಹೋಗುತ್ತಾಳೆ, ಬೆಂಚಿನ ಮೇಲೆ ಕೂರುತ್ತಾಳೆ, ಒಂದಕ್ಷರ ಬರೆಯುವುದಿಲ್ಲವಂತೆ. ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಎದ್ದು ಬಂದಳಂತೆ. ಕಾಲೇಜಿನವರೇ ಇಲ್ಲಿಗೆ ಕಳಿಸಿದ್ದಾರೆ.

ನನ್ನ ಕ್ರಮದಂತೆ ಅಪ್ಪನಿಂದಲೇ ಶುರು ಮಾಡಿದೆ. "ಅಣ್ಣಾ, ಮನೇಲಿ ಅಡುಗೆ ಯಾರದು?" ಎಂದು ಕೇಳಿದ್ದೇ ತಡ, ಬಿಗಿಹಿಡಿದಿದ್ದ ಭುಜ ಸಡಿಲಬಿಟ್ಟರು. "ನಂದೇ. ಇವಳು ತಿನ್ನಲ್ಲ, ಅದು ಬೇರೆ ಮಾತು." ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಎಲ್ಲೋ ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡಿದ್ದಾರೆ. ಮಗಳನ್ನು ನನ್ನ ಬಳಿ ಬಿಟ್ಟು ಓಡಿದರು. ಒಳ್ಳೆಯ ಮನುಷ್ಯ. ಇಂಥ ಅಪ್ಪ ಇದ್ದರೆ ನನ್ನ ಕೆಲಸ ಅರ್ಧ ಮುಗಿದ ಹಾಗೆ.

ಜೂನ್ ೧೨

ಅಪ್ಪ ಅವಳನ್ನು ಪುಟ್ಟಿ ಎಂದು ಕರೆಯುತ್ತಾರೆ. ಅವಳಿಗೆ ಅದು ಇಷ್ಟವಿಲ್ಲ. ಅವಳ ಎದುರು ನಾನು ಹಾಗೆ ಕರೆಯುವುದಿಲ್ಲ, ಇಲ್ಲಿ ಮಾತ್ರ ಬರೆದುಕೊಳ್ಳುತ್ತೇನೆ.

ಇವತ್ತು ಪುಟ್ಟಿ ಒಬ್ಬಳೇ ಕೂತಿದ್ದಳು. ನಾನು ಏನನ್ನೂ ಕೇಳುವ ಮುಂಚೆ ಅವಳೇ ಬಾಯಿಬಿಟ್ಟಳು. "ನೀವು ಅಪ್ಪನ್ನ ಅಣ್ಣ ಅಂದ್ರಿ. ಹಾಗಾದ್ರೆ ನನಗೆ ಅತ್ತೆ ಆಗ್ತೀರ. ಅತ್ತೆ ಹತ್ರ ಯಾರಾದ್ರೂ ಮನಸ್ಸಲ್ಲಿರೋದು ಹೇಳ್ತಾರಾ?"

ನನಗೆ ನಗು ತಡೆಯಲಾಗಲಿಲ್ಲ. "ಮತ್ತೆ ಏನಂತ ಕರೀತೀಯ?"

"ಅಕ್ಕ ಅಂತೀನಿ. ಅಪ್ಪನ ಎದುರಿಗೆ ಅಲ್ಲ."

ಹದಿನೈದು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದ್ದೇನೆ, ಒಬ್ಬರೂ ನನ್ನನ್ನು ಹೀಗೆ ಹಿಡಿದುಹಾಕಿರಲಿಲ್ಲ. ಮನೆಗೆ ಬಂದ ಮೇಲೆ, ಯಾರು ಏನು ಎಂದು ಹೇಳದೆ ಬರೀ ಮಾತನ್ನು ಇವರಿಗೆ ಹೇಳಿದೆ. "ನಿನಗೆ ಸರಿಯಾದ ಜೋಡಿ ಸಿಕ್ಕಿದಾಳೆ," ಎಂದು ನಕ್ಕರು. ಇಬ್ಬರೂ ನಗುನಗುತ್ತಲೇ ಊಟ ಮಾಡಿದೆವು. ಹಾಗೆ ಊಟ ಮಾಡಿ ಎಷ್ಟು ದಿನವಾಗಿತ್ತೋ.

ಜೂನ್ ೨೬

ಲಿಫ್ಟಿನಣ್ಣ ಒಬ್ಬರೇ ಬಂದಿದ್ದರು. "ಸುಮ್ನೆ ಬಂದೆ," ಎಂದರು. ಸುಮ್ಮನೆ ಬಂದವರು ಸುಮ್ಮನೆ ಬಂದಿರುವುದಿಲ್ಲ ಎಂಬುದು ನನಗೆ ತಿಳಿಯದ ವಿಷಯವೇ? ಬಾಗಿಲು ಮುಂದೆ ಮಾಡಿ ಕಾದೆ.

"ಹಾರ್ಟ್ ಅಲ್ಲಮ್ಮ ಅದು. ಅವಳಾಗೇ ಹೋದಳು."

ಆ ಮಧ್ಯಾಹ್ನ ಹೆಂಡತಿಯ ಫೋನ್ ಬಂದಿತ್ತಂತೆ. ಇವರು ಕೆಟ್ಟುನಿಂತ ಲಿಫ್ಟಿನ ಕೆಳಗೆ ಗುಂಡಿಯಲ್ಲಿ ಇಳಿದಿದ್ದರು. ಕೈಯೆಲ್ಲ ಗ್ರೀಸ್, ಆಮೇಲೆ ಮಾಡಿದರಾಯಿತು ಎಂದುಕೊಂಡರು. ಈಗ ಯಾವ ಫೋನ್ ಬಂದರೂ ಅರ್ಧ ಮಾತಿನಲ್ಲಿ ಏಕೆ ಎದ್ದು ಓಡುತ್ತಾರೆ ಎಂಬುದು ನನಗೆ ಇವತ್ತು ಅರ್ಥವಾಯಿತು. ನೆಂಟರಿಷ್ಟರಿಗೆಲ್ಲ ಹಾರ್ಟ್ ಎಂದು ಹೇಳಿದ್ದಾರೆ. ಮಗಳಿಗೂ ಅದನ್ನೇ.

"ಪುಟ್ಟಿಗೆ ಗೊತ್ತಾಗಬಾರದು. ಗೊತ್ತಾದ್ರೆ ಅವಳು ಉಳಿಯಲ್ಲ. ನೀವು ನನ್ನ ಒಡಹುಟ್ಟಿದ ತಂಗಿ ಇದ್ದ ಹಾಗೆ. ಮಾತು ಕೊಡಿ."

ಕೊಟ್ಟೆ. ಆ ಮನುಷ್ಯ ಎದ್ದು ನಿಂತು ಕೈಮುಗಿದರು. ಪುಸ್ತಕಗಳು ಮನೆಯೊಳಗಿನ ಗುಟ್ಟನ್ನು ವಿಷ ಎನ್ನುತ್ತವೆ. ಪುಸ್ತಕ ಬರೆದವರು ನಮ್ಮ ಮನೆಗಳಲ್ಲಿ ಒಂದು ವಾರ ಇದ್ದು ನೋಡಲಿ. ಮುಚ್ಚಿಟ್ಟ ಮಾತಿನ ಆಧಾರದ ಮೇಲೇ ಎಷ್ಟೋ ಮನೆಗಳು ನಿಂತಿವೆ. ತರಬೇತಿಯಲ್ಲಿ ಇದನ್ನು ಹೇಳಬೇಕು.

ಜುಲೈ ೯

ಲಿಫ್ಟಿನಣ್ಣ ಪುಟ್ಟಿಯನ್ನು ಕರೆತಂದಿದ್ದರು. ಅವಳನ್ನು ಹೊರಗೆ ಕೂರಿಸಿ ಮೊದಲು ತಾವು ಒಳಗೆ ಬಂದರು.

"ಅವಳಿಗೆ ನಿದ್ದೆ ಬರ್ತಿಲ್ಲ ತಂಗಿ. ಬೆಳಗಾಗೋ ತನಕ ಹೊರಳಾಡ್ತಾಳೆ. ಎದೆ ಮೇಲೆ ಯಾರೋ ಕೂತಂಗೆ ಅಂತಾಳೆ. ಊಟ ಬಾಯಿಗಿಟ್ರೆ ಮಣ್ಣು ತಿಂದಂಗೆ. ಇದಕ್ಕೆಲ್ಲ ಏನಾದ್ರೂ ಇದೆಯಾ?"

ಆಮೇಲೆ ಪುಟ್ಟಿಯನ್ನು ಕೇಳಿದರೆ ಕಣ್ಣರಳಿಸಿದಳು. "ಎದೆ ಮೇಲೆ ಕೂತ ಹಾಗಾ? ನಾನು ಯಾವತ್ತು ಹೇಳ್ದೆ? ನಾನು ಬಿದ್ಕೊಂಡ್ರೆ ಬೆಳಿಗ್ಗೆ ಅಪ್ಪ ಎಬ್ಬಿಸಿದಾಗಲೇ ಏಳೋದು. ನಂಗೆ ಅಷ್ಟು ನಿದ್ದೆ ಬರುತ್ತಲ್ಲ ಅಂತ ನಾಚಿಕೆ ಆಗುತ್ತೆ."

ಈ ವಯಸ್ಸಿನವರು ಒಂದನ್ನಾದರೂ ನೇರವಾಗಿ ಒಪ್ಪಿಕೊಂಡರೆ ಸೂರ್ಯ ಪಶ್ಚಿಮಕ್ಕೆ ಹುಟ್ಟುತ್ತಾನೆ. ಒಂದೇ ಸೂರಿನಡಿ ಇರುವ ಹೆತ್ತವರ ಕಣ್ಣು ಸುಳ್ಳು ಹೇಳುವುದಿಲ್ಲ. ಅವಳ ಕಡತದಲ್ಲಿ ಅಪ್ಪನ ಮಾತನ್ನೇ ಬರೆದೆ: ನಿದ್ರಾಹೀನತೆ, ಎದೆಭಾರ, ಊಟ ಸೇರುವುದಿಲ್ಲ. ಸಂಜೆ ಇಬ್ಬರೂ ಜೊತೆಯಾಗಿ ನಡೆದುಬನ್ನಿ, ಹಾಸಿಗೆಗೆ ಹೋಗುವ ಮುಂಚೆ ಟಿವಿ ಬೇಡ ಎಂದು ಹೇಳಿ ಕಳಿಸಿದೆ. ಅಣ್ಣನ ಬೆಲ್ಟಿಗೆ ಮೊಳೆಯಿಂದ ಹೊಡೆದ ಹೊಸ ತೂತು ಕಂಡಿತು. ಮಗಳ ಚಿಂತೆಯಲ್ಲಿ ಪಾಪ ಅವರೂ ಸೊರಗಿದ್ದಾರೆ.

ಜುಲೈ ೧೭

ಇವತ್ತು ಪುಟ್ಟಿ ಬಂದವಳು ಕೂರಲೇ ಇಲ್ಲ. ಕಿಟಕಿಯ ಸರಳು ಹಿಡಿದು, ಬೆನ್ನು ನನಗೆ ಮಾಡಿ ಹೇಳಿದಳು.

"ಅಮ್ಮಂದು ಹಾರ್ಟ್ ಅಲ್ಲ ಅಂತ ನಂಗೊತ್ತು ಅಕ್ಕಾ."

ಆಸ್ಪತ್ರೆಯಲ್ಲಿ ಪರದೆಯ ಆಚೆ ನರ್ಸುಗಳು ಮಾತಾಡಿಕೊಂಡದ್ದು ಅವಳಿಗೆ ಕೇಳಿಸಿತ್ತಂತೆ. ಸ್ವಲ್ಪ ಹೊತ್ತಿಗೆ ಅಪ್ಪ ಹೊರಗೆ ಬಂದು ಅವಳ ತಲೆ ಮೇಲೆ ಕೈಯಿಟ್ಟು ಹಾರ್ಟ್ ಎಂದರು. "ಹೂಂ ಅಂದೆ. ಅವತ್ತಿಂದ ಹೂಂ ಅಂತಾನೇ ಇದೀನಿ. ಮನೆಗೆ ಬಂದೋರಿಗೆಲ್ಲ ಅಪ್ಪ ಅದನ್ನ ಹೇಳೋವಾಗ ಪಕ್ಕದಲ್ಲಿ ನಿಂತು ತಲೆ ಆಡಿಸ್ತೀನಿ. ಒಂದೊಂದ್ಸಲ ಅವರು ತಡವರಿಸ್ತಾರೆ, ನಾನೇ ಮಾತು ಸೇರಿಸ್ತೀನಿ."

"ಕಾಲೇಜಲ್ಲಿ ಯಾಕೆ ಬರೀತಿಲ್ಲ?"

"ಪೆನ್ನು ಹಿಡಿದ್ರೆ ಅದೇ ಬರೋಕೆ ನೋಡುತ್ತೆ. ಬರೆದುಬಿಟ್ರೆ?"

ಅವಳಿಗೆ ಒಂದು ಲೋಟ ನೀರು ಕೊಟ್ಟೆ. ಕುಡಿಯದೆ ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಅಪ್ಪನಿಗೆ ಹೇಳಬೇಡಿ. ನಂಗೆ ಗೊತ್ತಿಲ್ಲ ಅನ್ನೋ ಧೈರ್ಯದ ಮೇಲೇ ಅವರು ಓಡಾಡ್ತಿರೋದು. ಅದೂ ಹೋದ್ರೆ ಮುಗೀತು. ಮಾತು ಕೊಡಿ."

ಅವಳಿಗೂ ಕೊಟ್ಟೆ.

ಜುಲೈ ೧೮

ಹಿರಿಯ ಡಾಕ್ಟರ ಬಳಿ ವಿಷಯ ತೆಗೆದೆ. ಪೂರ್ತಿ ಕೇಳಿ ಅವರು ಹೇಳಿದ್ದು ಇಷ್ಟು: "ಇಬ್ಬರನ್ನೂ ಒಪ್ಪಿಸಿ, ಒಟ್ಟಿಗೆ ಕೂರಿಸಿ. ಈ ವಾರವೇ. ಅಪ್ಪನ್ನ ಒಂದ್ಸಲ ನನ್ನ ಹತ್ರ ಕಳಿಸಿ, ನಾನೇ ನೋಡ್ತೀನಿ."

ಪುಸ್ತಕದ ಬದನೆಕಾಯಿ. ಅಪ್ಪನನ್ನು ಮಗಳ ಎದುರಿಗೇ ಮನೋವೈದ್ಯರ ಕೋಣೆಗೆ ಕಳಿಸಿದರೆ ಆ ಮನುಷ್ಯ ತಲೆ ಎತ್ತಿ ಓಡಾಡುತ್ತಾರೆಯೇ? ಮನೆಗೆ ಉಳಿದಿರುವ ಒಂದು ಕಂಬ ಅದು. ಹುಡುಗಿಯ ಪರೀಕ್ಷೆ ಸೆಪ್ಟೆಂಬರಿನಲ್ಲಿ. ಅದು ಮುಗಿಯಲಿ, ಆಮೇಲೆ ನಿಧಾನಕ್ಕೆ ಇಬ್ಬರನ್ನೂ ತಯಾರು ಮಾಡಿದರಾಯಿತು. ನಮ್ಮ ಜನಕ್ಕೆ ಗಡಿಬಿಡಿ ಆಗಿಬರುವುದಿಲ್ಲ. ಡಾಕ್ಟರಿಗೂ ಅದನ್ನೇ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, "ಸರಿ, ನಿಮಗೆ ಗೊತ್ತಿರುತ್ತೆ," ಎಂದರು.

ಆಗಸ್ಟ್ ೨, ಶುಕ್ರವಾರ

ತರಬೇತಿ ಚೆನ್ನಾಗಿಯೇ ಆಯಿತು. ಮೂವತ್ತು ಜನ ಹೊಸಬರು, ಒಬ್ಬರೂ ಆಕಳಿಸಲಿಲ್ಲ. "ನಮ್ಮವರು ನೋವನ್ನು ನೋವು ಅನ್ನುವುದಿಲ್ಲ. ಸೊಂಟ ಅನ್ನುತ್ತಾರೆ, ತಲೆಭಾರ ಅನ್ನುತ್ತಾರೆ, ಗ್ಯಾಸ್ ಅನ್ನುತ್ತಾರೆ. ಹೇಳಿದ ಮಾತಿನ ಹಿಂದೆ ಯಾರು ನಿಂತಿದ್ದಾರೆ ನೋಡಿ," ಎಂದಾಗ ಎಲ್ಲರೂ ತಲೆತಗ್ಗಿಸಿ ಬರೆದುಕೊಂಡರು. ಚಪ್ಪಾಳೆ ಬಿತ್ತು. ಡಾಕ್ಟರೂ ಚಪ್ಪಾಳೆ ತಟ್ಟಿದರು. ಖುಷಿಯಾಗಬೇಕಿತ್ತು, ಬೆನ್ನು ಬಹಳ ನೋಯುತ್ತಿತ್ತು.

ಹೊರಡುವಾಗ ಕೌಂಟರಿನ ಹುಡುಗಿ ಹೇಳಿದಳು: "ಆ ಲಿಫ್ಟ್ ರಿಪೇರಿಯವರು ಬಂದಿದ್ರು ಮೇಡಂ. ನೀವು ತರಬೇತೀಲಿದೀರ ಅಂದೆ. ಪರವಾಗಿಲ್ಲ, ಈ ಕಡೆ ಕೆಲಸ ಇತ್ತು, ಹಾಗೇ ಬಂದೆ ಅಂದ್ರು. ಬೆಂಚಿನ ಮೇಲೆ ತುಂಬ ಹೊತ್ತು ಕೂತಿದ್ರು."

ಈ ಬೀದಿಯಲ್ಲಿ ಲಿಫ್ಟ್ ಇರುವ ಕಟ್ಟಡ ಯಾವುದಿದೆಯೋ ನನಗಂತೂ ಗೊತ್ತಿಲ್ಲ. ಮಗಳ ಬಗ್ಗೆ ಏನೋ ಕೇಳಬೇಕಿತ್ತೇನೋ. ಫೋನ್ ಮಾಡಬೇಕು ಎಂದುಕೊಂಡೆ. ಮನೆಗೆ ಬಂದು ಬಟ್ಟೆಯನ್ನೂ ಬದಲಾಯಿಸದೆ ಮಲಗಿಬಿಟ್ಟೆ.

ಆಗಸ್ಟ್ ೧೩

ವಾರಕ್ಕೊಮ್ಮೆ ಪುಟ್ಟಿ ಬರುತ್ತಾಳೆ, ಆಗೊಮ್ಮೆ ಈಗೊಮ್ಮೆ ಲಿಫ್ಟಿನಣ್ಣ. ಅವಳು ಅಪ್ಪನ ಬಗ್ಗೆ ಹೇಳುತ್ತಾಳೆ, ಅವರು ಮಗಳ ಬಗ್ಗೆ ಹೇಳುತ್ತಾರೆ. ನಾನು ಇಬ್ಬರಿಗೂ ಹೂಂ ಎನ್ನುತ್ತೇನೆ. ಬಾಯಿತುಂಬ ನೀರಿಟ್ಟುಕೊಂಡು ಮಾತಾಡಿದ ಹಾಗೆ. ಎಲ್ಲಿ ಒಬ್ಬರ ಮಾತು ಇನ್ನೊಬ್ಬರ ಎದುರು ಜಾರೀತೋ ಎಂಬ ಭಯದಲ್ಲಿ ಇತ್ತೀಚೆಗೆ ಕಡಿಮೆ ಮಾತಾಡುತ್ತಿದ್ದೇನೆ.

ಟೀ ಹೊತ್ತಿನಲ್ಲಿ ಡಾಕ್ಟರನ್ನು ಕೇಳಿದೆ: "ಸರ್, ನಮ್ಮ ಮನೆಯವರಿಗೆ ಸರಿಯಾಗಿ ನಿದ್ದೆ ಬರ್ತಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡ್ತಾರೆ. ಏನಾದ್ರೂ ಸಣ್ಣ ಮಾತ್ರೆ ಬರೆದುಕೊಡ್ತೀರಾ?"

"ಯಾರಿಗೆ?" ಎಂದರು.

"ನಮ್ಮ ಮನೆಯವರಿಗೆ."

ಕಪ್ಪು ಕೆಳಗಿಟ್ಟು ನನ್ನ ಮುಖ ನೋಡಿದರು. "ಯಾರಿಗೆ ಬರ್ತಿಲ್ಲ ಅಂದ್ರಿ?"

ಅವರಿಗೂ ವಯಸ್ಸಾಯಿತು, ಕಿವಿ ಮಂದವಾಗುತ್ತಿದೆ. ಬೇಡ ಬಿಡಿ ಸರ್ ಎಂದು ಎದ್ದು ಬಂದೆ. ಮನೆಗೆ ಬಂದರೆ ಇವರು ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದರು. ಸುಮ್ಮನೆ ಸಿಟ್ಟು ಬಂತು.

ಆಗಸ್ಟ್ ೨೦

ಎಷ್ಟೋ ದಿನದ ಮೇಲೆ ಒಂದು ಒಳ್ಳೆಯ ಸುದ್ದಿ. ಲಿಫ್ಟಿನಣ್ಣ ಬಂದಿದ್ದರು. ಕ್ಷೌರ ಮಾಡಿಸಿಕೊಂಡಿದ್ದರು, ಇಸ್ತ್ರಿ ಮಾಡಿದ ಅಂಗಿ. ಉಗುರಿನ ಸಂದಿಯೂ ಶುಭ್ರ. ಮುಖದಲ್ಲಿ ಒಂದು ನೆಮ್ಮದಿ.

"ಅವಳಿಗೆ ಈಗ ನಿದ್ದೆ ಬರ್ತಿದೆ ತಂಗಿ. ಎದೆಭಾರ ಎಲ್ಲ ಇಳೀತು. ಇನ್ನೇನೂ ಚಿಂತೆ ಇಲ್ಲ."

"ನೋಡಿದ್ರಾ ಅಣ್ಣಾ? ನಿಧಾನಕ್ಕೆ ಎಲ್ಲ ಸರಿಹೋಗುತ್ತೆ ಅಂತ ಹೇಳಿರ್ಲಿಲ್ವಾ?"

"ಹೇಳಿದ್ರಿ. ನಿಮ್ಮ ಮೇಲೆ ಅವಳಿಗೆ ತುಂಬ ನಂಬಿಕೆ. ನೀವಿದೀರಲ್ಲ ಅವಳಿಗೆ, ಅಷ್ಟು ಸಾಕು ನಂಗೆ."

ಇಷ್ಟು ಹೊತ್ತಿನಲ್ಲಿ ಅವರ ಫೋನ್ ಎರಡು ಸಲ ಹೊಡೆದುಕೊಂಡಿತು. ಎರಡು ಸಲವೂ ಅವರು ಎತ್ತಲಿಲ್ಲ. ಮನಸ್ಸು ಹಗುರವಾಗಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ? ಬಾಗಿಲವರೆಗೂ ಹೋಗಿ ಬೀಳ್ಕೊಟ್ಟೆ. ಡಾಕ್ಟರಿಗೆ ಹೇಳಬೇಕು, ನಮ್ಮ ದಾರಿಯೂ ಊರು ಸೇರುತ್ತದೆ ಎಂದು.

ಆಗಸ್ಟ್ ೨೩

ಬೆಳಿಗ್ಗೆ ಕಾಲೇಜಿನಿಂದ ಫೋನ್ ಬಂತು. ಅವರ ಮಾತು ಪೂರ್ತಿಯಾಗುವ ಮುಂಚೆಯೇ "ಹುಡುಗಿ ಹೇಗಿದಾಳೆ?" ಎಂದು ಕೂಗಿದೆ.

ಹುಡುಗಿ ಅಲ್ಲ. ಅಪ್ಪ. ತಾವಾಗಿಯೇ ಮಾಡಿಕೊಂಡದ್ದು. ಐಸಿಯುನಲ್ಲಿದ್ದಾರೆ.

ಆಗಸ್ಟ್ ೨೪

ಎದೆಭಾರ ಅವರದು. ಬಾಯಿಗೆ ಮಣ್ಣಾಗಿದ್ದ ಊಟ ಅವರದು. ಬೆಳಗಿನ ತನಕ ಹೊರಳಾಡಿದವರು ಅವರು. ತನಗೆ ಹೀಗಾಗುತ್ತಿದೆ ಎಂದು ಹೇಳಿಕೊಳ್ಳಲು ಬಾರದ ಗಂಡಸು ಮಗಳ ಹೆಸರಿನಲ್ಲಿ ನನ್ನ ಮುಂದೆ ಎಲ್ಲವನ್ನೂ ಇಟ್ಟರು, ಒಂದನ್ನೂ ಬಿಡದೆ. ನಾನು ಅದನ್ನು ಮಗಳ ಕಡತದಲ್ಲಿ ಬರೆದುಕೊಂಡೆ. ಹಿರಿಯರನ್ನು ಮೊದಲು ಕೂರಿಸುತ್ತೇನೆ ಎಂದು ಜಂಬ ಕೊಚ್ಚಿದೆ, ಕೂರಿಸಿದೆ ಕೂಡ. ಕೂತವರನ್ನು ನೋಡಲಿಲ್ಲ. ಅವರು ನನಗೆ ಮನೆಯ ಕಂಬ. ಕಂಬವನ್ನು ಯಾರು ಹೇಗಿದ್ದೀಯ ಎಂದು ಕೇಳುತ್ತಾರೆ?

ಆಸ್ಪತ್ರೆಗೆ ಹೋದೆ. ಐಸಿಯು ಮುಂದಿನ ಕಬ್ಬಿಣದ ಕುರ್ಚಿಗಳಲ್ಲಿ ನೆಂಟರಿದ್ದರು. ಪುಟ್ಟಿಯ ಸೋದರತ್ತೆ, ಲಿಫ್ಟಿನಣ್ಣನ ಒಡಹುಟ್ಟಿದ ತಂಗಿ, ನನ್ನನ್ನು ಮೆಟ್ಟಿಲ ಹತ್ತಿರ ಕರೆದೊಯ್ದರು. "ಹುಡುಗಿಗೆ ಹಾರ್ಟ್ ಅಂತ ಹೇಳಿದೀವಿ ಕಣಮ್ಮ. ನೀವೂ ಹಾಗೇ ಹೇಳಿ. ನಿಮ್ಮ ಮಾತು ಕೇಳ್ತಾಳಂತೆ." ಅತ್ತು ಅತ್ತು ಅವರ ದನಿ ಬಿದ್ದುಹೋಗಿತ್ತು. ಆ ಹೆಂಗಸಿನ ಮೇಲೆ ನನಗೆ ಕೋಪ ಬರಲಿಲ್ಲ. ಒಂದು ವಾರದ ಹಿಂದಾಗಿದ್ದರೆ ನಾನೇ ಆ ಸಲಹೆ ಕೊಡುತ್ತಿದ್ದೆ.

ಪುಟ್ಟಿ ಕಾರಿಡಾರಿನ ತುದಿಯಲ್ಲಿ ನಿಂತಿದ್ದಳು. ಕಾಲೇಜಿನ ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

"ಇದೂ ಹಾರ್ಟಾ?" ಎಂದಳು.

ಹಿಂದೆ ಸೋದರತ್ತೆ ನೋಡುತ್ತಿದ್ದರು. "ಅಲ್ಲ," ಎಂದೆ.

ತಲೆಯಾಡಿಸಿದಳು, ಗೊತ್ತಿದ್ದ ಉತ್ತರ ಎಂಬಂತೆ. ಬ್ಯಾಗಿನ ಪಟ್ಟಿ ಸರಿಮಾಡಿಕೊಂಡು ಕೇಳಿದಳು: "ಅಮ್ಮಂದು ಅಪ್ಪ ನಿಮ್ಮ ಹತ್ರ ಹೇಳಿದ್ರಾ?"

"ಹೇಳಿದ್ರು."

"ನಾನು ಹೇಳೋಕೆ ಮುಂಚೆನಾ, ಆಮೇಲಾ?"

"ಮುಂಚೆ."

"ಹಾಗಾದ್ರೆ ನಮ್ಮಿಬ್ಬರದೂ ನಿಮ್ಮ ಹತ್ರ ಇತ್ತು ಮೇಡಂ."

ಇಬ್ಬರಿಗೂ ಮಾತು ಕೊಟ್ಟಿದ್ದೆ ಎಂದು ಹೇಳಬಹುದಿತ್ತು. ಆದರೆ ಮಾತು ಕೊಟ್ಟದ್ದಕ್ಕೆ ಮಾತ್ರ ಸುಮ್ಮನಿದ್ದೆನೇ? ನನ್ನ ಕ್ರಮವೇ ಸರಿ ಎಂದು ತೋರಿಸುವ ಹಟವೂ ಇತ್ತು. ಆ ಡಾಕ್ಟರ ಎದುರು ಸೋಲುವುದು ನನಗೆ ಬೇಕಿರಲಿಲ್ಲ. ಅದನ್ನು ಹದಿನೇಳರ ಹುಡುಗಿಗೆ ಹೇಗೆ ಹೇಳುವುದು? "ನನ್ನಿಂದ ತಪ್ಪಾಯಿತು," ಎಂದಷ್ಟೇ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ.

ನರ್ಸು ಬಾಗಿಲು ತೆರೆದು, ಒಬ್ಬರು ಮಾತ್ರ ಹೋಗಿಬನ್ನಿ ಎಂದರು. ಸೋದರತ್ತೆ ಏಳುವ ಮುಂಚೆ ಪುಟ್ಟಿ ಬ್ಯಾಗನ್ನು ನನ್ನ ಕೈಗೆ ತುರುಕಿ ಒಳಗೆ ಹೋದಳು. ಬಾಗಿಲಿನ ಗಾಜಿನಿಂದ ಕಂಡಿತು. ಅಪ್ಪನ ಬಾಯಿಯೊಳಗೆ ಕೊಳವೆ, ಕಣ್ಣಿನ ಮೇಲೆ ಹತ್ತಿ. ಅವಳು ಬಗ್ಗಿ ಕಿವಿಯ ಬಳಿ ಬಾಯಿಟ್ಟು ಮಾತಾಡಿದಳು. ತುಂಬ ಹೊತ್ತು ಮಾತಾಡಿದಳು. ನರ್ಸು ಎರಡು ಸಲ ಭುಜ ಮುಟ್ಟಿದರೂ ಏಳಲಿಲ್ಲ.

ಹೊರಗೆ ಬಂದು ಬ್ಯಾಗು ತೆಗೆದುಕೊಂಡಳು. "ಹೇಳ್ದೆ," ಎಂದಳು. "ನಂಗೆ ಮೊದಲಿಂದ ಗೊತ್ತಿತ್ತು, ನೀವು ಸುಳ್ಳು ಹೇಳೋ ಕಷ್ಟ ಬೇಡ ಅಪ್ಪಾ ಅಂತ."

ಆಗಸ್ಟ್ ೨೬

ಇವತ್ತು ಬೆಳಿಗ್ಗೆ ಹೋದರು.

ಸೆಪ್ಟೆಂಬರ್ ೨

ಡಾಕ್ಟರ ಕೋಣೆಗೆ ನಾನಾಗಿಯೇ ಹೋಗಿ ಬಾಗಿಲು ಹಾಕಿಕೊಂಡೆ. "ನಿದ್ದೆ ಬರ್ತಿಲ್ಲ ಸರ್. ನನಗೆ," ಎಂದೆ. ಅವರು ಬುದ್ಧಿ ಹೇಳಲಿಲ್ಲ. ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಬಂದು ಕೂತರು. ಪುಟ್ಟಿಯನ್ನು ಇನ್ನು ಮೇಲೆ ಬೇರೆಯವರು ನೋಡಲಿ ಎಂದೂ ಕೇಳಿಕೊಂಡೆ. "ಅದನ್ನ ಅವಳನ್ನೇ ಕೇಳಿ," ಎಂದರು.

ಅವಳೀಗ ಸೋದರತ್ತೆಯ ಮನೆಯಲ್ಲಿದ್ದಾಳೆ. ಸಂಜೆ ಹೋದೆ. ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ನಾನೂ ಎರಡು ಮೆಟ್ಟಿಲು ಕೆಳಗೆ ಕೂತೆ. ಒಳಗೆ ಯಾರೋ ಬಂದವರಿಗೆ ಸೋದರತ್ತೆ ಹಾರ್ಟ್ ಎಂದು ಹೇಳುತ್ತಿದ್ದದ್ದು ಇಬ್ಬರಿಗೂ ಕೇಳಿಸಿತು. ಬೇರೆ ಒಬ್ಬರು ಸಮಾಲೋಚಕರು ಇದ್ದಾರೆ, ಒಳ್ಳೆಯವರು, ಅವರ ಹತ್ತಿರ ಹೋಗುತ್ತೀಯಾ ಎಂದು ಕೇಳಿದೆ. ಮೊಣಕಾಲಿನ ಮೇಲೆ ಗಲ್ಲ ಊರಿ ಬೀದಿ ನೋಡುತ್ತಿದ್ದವಳು ಕೇಳಿದಳು:

"ನಾನು ಹೇಳಿದ್ದು ಅಪ್ಪನಿಗೆ ಕೇಳಿಸ್ತಾ?"

ಇಂಥ ಪ್ರಶ್ನೆಗೆ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇರುತ್ತದೆ. ಕೇಳಿಸಿರುತ್ತೆ ಕಂದಾ, ನೆಮ್ಮದಿಯಾಗಿ ಹೋದರು ಎಂದು ಎಷ್ಟು ಮನೆಗಳ ಮೆಟ್ಟಿಲ ಮೇಲೆ ಕೂತು ಹೇಳಿಲ್ಲ? ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಗೊತ್ತಿಲ್ಲ," ಎಂದೆ.

ಮೊದಲ ಸಲ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ದನಿಯಲ್ಲಿ ಸಿಟ್ಟಿತ್ತು. "ಕೇಳಿಸ್ತು ಅಂತ ಹೇಳಬಹುದಿತ್ತಲ್ಲ ನೀವು."

"ಹೇಳಬಹುದಿತ್ತು."

ಅವಳು ಅತ್ತಳು. ನಾನು ತಲೆ ಸವರಲಿಲ್ಲ, ಕಂದಾ ಎನ್ನಲಿಲ್ಲ, ಎರಡು ಮೆಟ್ಟಿಲು ಕೆಳಗೆ ಹಾಗೇ ಕೂತಿದ್ದೆ. ಬೀದಿಯ ದೀಪ ಹತ್ತಿದ ಮೇಲೆ ಒಳಗಿಂದ ಊಟಕ್ಕೆ ಕರೆದರು. ಅವಳು ಮುಖ ಒರೆಸಿಕೊಂಡು ಎದ್ದಳು.

"ನಾಳೆನೂ ಬನ್ನಿ," ಎಂದು ಒಳಗೆ ಹೋದಳು.